ಪಟೇಲರು ಅವತ್ತು ಕನ್ನಡದಲ್ಲೇ ಮಾತಾಡಿದರು: ಸಂಸತ್ತಿನಲ್ಲಿ ತಾಯ್ನುಡಿ ನಡೆದು ಬಂದ ದಾರಿ

ಲೋಕಸಭೆಯಲ್ಲಿ ಮೊದಲು ಕನ್ನಡ ಮಾತಾಡಿದವರು ಯಾರು? ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳಿಗೆ ಉತ್ತರ ಬಾಯಿಪಾಠ: ಜೆ.ಎಚ್. ಪಟೇಲ್. ಶಿವಮೊಗ್ಗ, ಚನ್ನಗಿರಿ ಕಡೆಯ ಹಿರಿಯರಿಗಂತೂ ಅದು ಮನೆಮಂದಿಯ ಹೆಮ್ಮೆ. ಆದರೆ ಒಂದು ಅಂಕದ ಉತ್ತರವಾಗಿ ವಿಷಯ ಅಲ್ಲಿಗೇ ಮುಗಿದುಹೋಗುತ್ತದಲ್ಲ, ನನಗೆ ಬೇಸರ ಅದೇ. ಅವತ್ತು ಪಟೇಲರು ಎದುರು ಹಾಕಿಕೊಂಡದ್ದು ಏನನ್ನು? ಅದಕ್ಕೂ ಮುಂಚೆ ಏನಾಗಿತ್ತು? ಆಮೇಲೆ ಏನಾಯಿತು? ಇಷ್ಟನ್ನು ನೋಡಿದರೆ ಇದು ಬರೀ ಅಭಿಮಾನದ ಮಾತಲ್ಲ ಎಂದು ಗೊತ್ತಾಗುತ್ತದೆ.

ಮೊದಲು ಸಂವಿಧಾನದ 120ನೇ ವಿಧಿಯನ್ನು ನೋಡೋಣ. ಸಂಸತ್ತಿನ ಕಲಾಪ ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ನಡೆಯಬೇಕು ಎಂದು ಅದು ಹೇಳುತ್ತದೆ. ಹಾಗಾದರೆ ಉಳಿದವರ ಗತಿ? ಅದಕ್ಕೂ ಒಂದು ಸಾಲಿದೆ. ಹಿಂದಿಯಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ತನ್ನ ಮಾತನ್ನು ಸರಿಯಾಗಿ ಹೇಳಿಕೊಳ್ಳಲು ಆಗದ ಸದಸ್ಯನಿಗೆ, ತಾಯ್ನುಡಿಯಲ್ಲಿ ಮಾತಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದು.

ಆ ಸಾಲನ್ನು ಇನ್ನೊಮ್ಮೆ ಓದಿ. ತಾಯ್ನುಡಿ ಅಲ್ಲಿ ಹಕ್ಕಾಗಿ ಬಂದಿಲ್ಲ. ಬೇರೆ ಎರಡು ಭಾಷೆ ಬಾರದವರಿಗೆ ಕೊಟ್ಟ ರಿಯಾಯಿತಿಯಾಗಿ ಬಂದಿದೆ. ಅದೂ ಕೇಳಿ ಪಡೆಯಬೇಕಾದದ್ದು. ಹಿಂದಿ ನಾಡಿನ ಸದಸ್ಯ ಎದ್ದು ನಿಂತು ತನ್ನ ಮನೆಮಾತಿನಲ್ಲಿ ಮಾತಾಡಿದರೆ ಅದು ಕಲಾಪದ ಭಾಷೆ. ಕನ್ನಡದವನೋ ಬಂಗಾಳದವನೋ ಹಾಗೆ ಮಾಡಬೇಕಾದರೆ ಮೊದಲು "ನನಗೆ ಬರಲ್ಲ" ಎಂದು ಒಪ್ಪಿಕೊಳ್ಳಬೇಕು.

ಇದು ಸುಮ್ನೆ ಕೈತಪ್ಪಿ ಬಂದ ಸಾಲಲ್ಲ. ಸಂವಿಧಾನ ಸಭೆಯಲ್ಲಿ ಭಾಷೆಯ ವಿಚಾರಕ್ಕೆ ಆದಷ್ಟು ಜಗಳ ಬೇರೆ ಯಾವ ವಿಚಾರಕ್ಕೂ ಆಗಲಿಲ್ಲವೇನೋ. ಕೊನೆಗೆ 1949ರ ಸೆಪ್ಟೆಂಬರ್ 14ರಂದು ಒಂದು ರಾಜಿ ಆಯಿತು. ಕೇಂದ್ರದ ಆಡಳಿತ ಭಾಷೆ ಹಿಂದಿ. ಇಂಗ್ಲಿಷ್ ಇನ್ನೂ 15 ವರ್ಷ ಜೊತೆಗಿರಲಿ. ಎಂಟನೇ ಅನುಸೂಚಿಯಲ್ಲಿ 14 ಭಾಷೆಗಳ ಪಟ್ಟಿ ಇರಲಿ. ಪಟ್ಟಿಯಲ್ಲಿ ಕನ್ನಡವೂ ಇತ್ತು. ಆದರೆ ಆ ಪಟ್ಟಿಯಿಂದ ಸಂಸತ್ತಿನ ಮೈಕಿನ ಮುಂದೆ ಕನ್ನಡಕ್ಕೆ ಜಾಗವೇನೂ ಸಿಗಲಿಲ್ಲ.

15 ವರ್ಷ ತುಂಬಿದ್ದು 1965ರ ಜನವರಿ 26ಕ್ಕೆ. ಅಷ್ಟರಲ್ಲಿ ತಮಿಳುನಾಡು ಹೊತ್ತಿ ಉರಿಯುತ್ತಿತ್ತು. ವಿದ್ಯಾರ್ಥಿಗಳು ಬೀದಿಗಿಳಿದರು. ಗೋಲಿಬಾರ್ ಆಯಿತು, ಜನ ಸತ್ತರು. ಕೇಂದ್ರ ಸಚಿವರಾಗಿದ್ದ ಸಿ. ಸುಬ್ರಮಣ್ಯಂ ಮತ್ತು ಒ.ವಿ. ಅಳಗೇಶನ್ ರಾಜೀನಾಮೆ ಕೊಟ್ಟರು. ಇಂಗ್ಲಿಷನ್ನು ಮುಂದುವರಿಸಲು 1963ರಲ್ಲೇ ಕಾಯ್ದೆ ಬಂದಿತ್ತು, ನಿಜ. ಆದರೆ ಅದು "ಮುಂದುವರಿಯಬಹುದು" ಎಂದಿತ್ತೇ ಹೊರತು "ಮುಂದುವರಿಯಲೇಬೇಕು" ಎಂದಿರಲಿಲ್ಲ. ಆ ಒಂದು ಪದದ ಮೇಲೆ ದಕ್ಷಿಣಕ್ಕೆ ನಂಬಿಕೆ ಹುಟ್ಟಲಿಲ್ಲ. 1967ರ ಚುನಾವಣೆಯಲ್ಲಿ ಮದ್ರಾಸ್ ರಾಜ್ಯದಲ್ಲಿ ಡಿಎಂಕೆ ಗೆದ್ದಿತು. ಅದೇ ವರ್ಷದ ಕೊನೆಗೆ ಸಂಸತ್ತು ಕಾಯ್ದೆಯನ್ನು ತಿದ್ದಿ ಇಂಗ್ಲಿಷಿಗೆ ಭದ್ರತೆ ಕೊಟ್ಟಿತು.

ಅಂದರೆ 1967ರ ಲೋಕಸಭೆಯಲ್ಲಿ ಭಾಷೆ ಅಂದ ಕೂಡಲೇ ಎರಡು ಗುಂಪು ಎದ್ದು ನಿಲ್ಲುತ್ತಿದ್ದವು. ಹಿಂದಿ ಬೇಕು ಎನ್ನುವವರು ಒಂದು ಕಡೆ. ಹಿಂದಿ ಬೇಡ, ಇಂಗ್ಲಿಷ್ ಇರಲಿ ಎನ್ನುವವರು ಇನ್ನೊಂದು ಕಡೆ. ಕನ್ನಡವಾಗಲಿ, ಒಡಿಯಾವಾಗಲಿ, ತೆಲುಗಾಗಲಿ ಆ ಜಗಳದಲ್ಲಿ ಮಾತಾಡುವ ಭಾಷೆಗಳೇ ಆಗಿರಲಿಲ್ಲ. ಬರೀ ಮಾತಿನ ವಸ್ತುಗಳಾಗಿದ್ದವು.

ಅಂಥ ಸದನಕ್ಕೆ ಶಿವಮೊಗ್ಗ ಕ್ಷೇತ್ರದಿಂದ ಹೋದವರು ಜಯದೇವಪ್ಪ ಹಾಲಪ್ಪ ಪಟೇಲ್. ಊರು ಚನ್ನಗಿರಿ ತಾಲೂಕಿನ ಕಾರಿಗನೂರು. ಹುಟ್ಟಿದ್ದು 1930ರಲ್ಲಿ, ಅಂದರೆ ಆಗ ಇನ್ನೂ 40 ತುಂಬದ ವಯಸ್ಸು. ಗೆದ್ದದ್ದು ಸಂಯುಕ್ತ ಸಮಾಜವಾದಿ ಪಕ್ಷದಿಂದ. ಇದು ರಾಮಮನೋಹರ ಲೋಹಿಯಾ ಅವರ ಪಕ್ಷ. ಲೋಹಿಯಾ ಅವರಿಗೂ ಶಿವಮೊಗ್ಗದ ನೆಲಕ್ಕೂ ಹಳೇ ನಂಟು. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಜೊತೆ ನಿಲ್ಲಲು ಅವರು ಸಾಗರ ತಾಲೂಕಿಗೆ ಬಂದು ಬಂಧನಕ್ಕೊಳಗಾಗಿದ್ದರು. ಶಾಂತವೇರಿ ಗೋಪಾಲಗೌಡರಂಥ ನಾಯಕರು ಆ ಭಾಗದ ಒಂದು ತಲೆಮಾರನ್ನೇ ಸಮಾಜವಾದದ ಕಡೆಗೆ ಎಳೆದಿದ್ದರು. ಪಟೇಲರು ಆ ಗರಡಿಯವರು.

ಲೋಹಿಯಾ ಅವರ "ಇಂಗ್ಲಿಷ್ ತೊಲಗಲಿ" ಘೋಷಣೆ ದಕ್ಷಿಣದಲ್ಲಿ ಜಾಸ್ತಿ ಜನರಿಗೆ ಹಿಂದಿ ಹೇರಿಕೆಯ ಹಾಗೆಯೇ ಕೇಳಿಸಿತು. ಅದಕ್ಕೆ ಕಾರಣವೂ ಇತ್ತು. ಆ ಚಳವಳಿಯ ಬಲ ಇದ್ದದ್ದು ಉತ್ತರ ಪ್ರದೇಶ, ಬಿಹಾರದಲ್ಲಿ. ಆದರೆ ಲೋಹಿಯಾ ಅವರ ವಾದದ ತಿರುಳು ಬೇರೆ. ಬೆರಳೆಣಿಕೆಯ ಜನರಿಗೆ ಗೊತ್ತಿರುವ ಭಾಷೆಯಲ್ಲಿ ರಾಜ್ಯಭಾರ ನಡೆದರೆ, ಉಳಿದವರೆಲ್ಲ ಹೊರಗೆ ನಿಂತು ನೋಡಬೇಕಾಗುತ್ತದೆ. ಇಂಗ್ಲಿಷ್ ಸಾಮಂತರ ಭಾಷೆ, ಜನರ ಭಾಷೆಗಳು ಬೇರೆ ಎಂದು ಅವರು ಹೇಳುತ್ತಿದ್ದರು. ಜನರ ಭಾಷೆ ಅಂದರೆ ಒಂದೇ ಅಲ್ಲ ಎನ್ನುವುದು ಮುಖ್ಯ.

ಇದನ್ನು ಲೋಕಸಭೆಯೊಳಗೆ ಮಾಡಿ ತೋರಿಸಿದವರು ಪಟೇಲರು ಅಂತ ನನ್ನ ಅನಿಸಿಕೆ. ಅದೇ ಪಕ್ಷದ, ಅದೇ ಸದನದ ಇನ್ನೊಬ್ಬ ಕರ್ನಾಟಕದ ಮಗ ಜಾರ್ಜ್ ಫರ್ನಾಂಡಿಸ್. ಮಂಗಳೂರಿನವರು, ಬಾಂಬೆ ದಕ್ಷಿಣದಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿ ಬಂದಿದ್ದರು. ಅವರು ಹಿಂದಿಯನ್ನು ಒಲಿಸಿಕೊಂಡು ಹಿಂದಿಯಲ್ಲೇ ಗುಡುಗಿದರು. ಪಟೇಲರ ಆಯ್ಕೆ ಬೇರೆಯಾಗಿತ್ತು. ಅವರು ಎದ್ದು ನಿಂತು ಕನ್ನಡದಲ್ಲಿ ಮಾತು ಶುರುಮಾಡಿದರು.

ಇಲ್ಲಿ ಒಂದು ವಿಷಯ ಮರೆಯಬಾರದು. ಪಟೇಲರು ಕಾನೂನು ಓದಿದವರು. ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿತ್ತು. ಅಂದರೆ 120ನೇ ವಿಧಿ ಹೇಳುವ "ಬಾರದ ಸದಸ್ಯ" ಅವರಲ್ಲ. ಬರುತ್ತಿದ್ದರೂ ಬೇಡ ಎಂದವರು. ಬಾರದವನು ತಾಯ್ನುಡಿಯಲ್ಲಿ ಮಾತಾಡಿದರೆ ಸದನ ಅಯ್ಯೋ ಪಾಪ ಎಂದು ಸುಮ್ಮನಾಗುತ್ತದೆ. ಬರುವವನು ಹಾಗೆ ಮಾಡಿದರೆ ಸದನ ಯೋಚಿಸಬೇಕಾಗುತ್ತದೆ, ಅಲ್ವಾ?

ಕಷ್ಟ ಏನೆಂದರೆ ಕೇಳುವವರಿಗೆ ಅರ್ಥವಾಗಬೇಕಲ್ಲ. ಹಿಂದಿ ಮತ್ತು ಇಂಗ್ಲಿಷ್ ನಡುವೆ ಕೂಡಲೇ ಅನುವಾದಿಸಿ ಕಿವಿಗೆ ಮುಟ್ಟಿಸುವ ಏರ್ಪಾಡು ಲೋಕಸಭೆಯಲ್ಲಿ 1964ರಲ್ಲೇ ಶುರುವಾಗಿತ್ತು. ಕನ್ನಡಕ್ಕೆ ಅಂಥದ್ದು ಇರಲಿಲ್ಲ. ಆಗ ಸಭಾಧ್ಯಕ್ಷರ ಪೀಠದಲ್ಲಿದ್ದವರು ನೀಲಂ ಸಂಜೀವರೆಡ್ಡಿ. ಅನಂತಪುರ ಜಿಲ್ಲೆಯವರು, ನಮ್ಮ ಬಳ್ಳಾರಿಯ ಪಕ್ಕದವರು. ಅವರು ಪಟೇಲರನ್ನು ತಡೆಯಲಿಲ್ಲ. ಕನ್ನಡದಲ್ಲೇ ಮಾತಾಡಲು ಬಿಟ್ಟರು. ವಿಧಿಯ ಪ್ರಕಾರ ಅನುಮತಿ ಕೊಡುವುದು ಬಿಡುವುದು ಆ ಪೀಠಕ್ಕೆ ಸೇರಿದ್ದು. ಹಿಂದಿ, ಇಂಗ್ಲಿಷ್ ಎರಡೂ ಮನೆಮಾತಲ್ಲದ ಒಬ್ಬರು ಅಲ್ಲಿ ಕೂತಿದ್ದರು ಅನ್ನೋದು ಸಣ್ಣ ಸಂಗತಿಯಲ್ಲ. ವಿಧಿಯ ಒಂದಕ್ಷರವೂ ಬದಲಾಗಲಿಲ್ಲ. ಆದರೆ ರಿಯಾಯಿತಿಯ ಬಾಗಿಲಿನಿಂದ ಹಕ್ಕು ಒಳಗೆ ಬಂತು.

ಪಟೇಲರ ಸಂಸತ್ತಿನ ಕಾಲ ದೊಡ್ಡದೇನಲ್ಲ. ಆ ಲೋಕಸಭೆ 1970ರ ಡಿಸೆಂಬರಿನಲ್ಲಿ ವಿಸರ್ಜನೆಯಾಯಿತು. ಮುಂದಿನ ಸದನದಲ್ಲಿ ಅವರಿರಲಿಲ್ಲ. ತುರ್ತುಪರಿಸ್ಥಿತಿಯಲ್ಲಿ ಜೈಲು ಕಂಡರು. 1978ರಲ್ಲಿ ಚನ್ನಗಿರಿಯಿಂದ ವಿಧಾನಸಭೆಗೆ ಬಂದರು, 1983ರಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಮಂತ್ರಿಯಾದರು. 1996ರಲ್ಲಿ ದೇವೇಗೌಡರು ಪ್ರಧಾನಿಯಾಗಿ ದಿಲ್ಲಿಗೆ ಹೋದಾಗ ಮುಖ್ಯಮಂತ್ರಿಯ ಕುರ್ಚಿ ಇವರಿಗೆ ಬಂತು. 1997ರಲ್ಲಿ ಏಳು ಹೊಸ ಜಿಲ್ಲೆ ಮಾಡಿದ್ದು ಅವರ ಕಾಲದಲ್ಲೇ. ಅದರಲ್ಲಿ ದಾವಣಗೆರೆಯೂ ಒಂದು. ಹಾಗಾಗಿ ಅವರ ಚನ್ನಗಿರಿ ಶಿವಮೊಗ್ಗದಿಂದ ದಾವಣಗೆರೆಗೆ ಸೇರಿತು. ಜನ ತಾಲೂಕು ಜಿಲ್ಲೆ ಕಚೇರಿಗಾಗಿ ದೂರ ಅಲೆಯಬಾರದು ಅನ್ನುವ ವಿಚಾರಕ್ಕೂ, ಜನರ ಭಾಷೆಯಲ್ಲಿ ಸದನ ನಡೆಯಬೇಕು ಅನ್ನುವ ವಿಚಾರಕ್ಕೂ ನನಗೆ ಒಂದೇ ಬೇರು ಕಾಣುತ್ತದೆ. 2000ದ ಡಿಸೆಂಬರಿನಲ್ಲಿ ಪಟೇಲರು ತೀರಿಕೊಂಡರು.

ಅವರು ತೆರೆದ ದಾರಿ ಮಾತ್ರ ನಿಧಾನವಾಗಿ ಅಗಲವಾಯಿತು. ಬಹಳ ನಿಧಾನವಾಗಿ. ಎಂಟನೇ ಅನುಸೂಚಿಗೆ 1967ರಲ್ಲಿ ಸಿಂಧಿ ಸೇರಿತು. 1992ರಲ್ಲಿ ಕೊಂಕಣಿ, ಮಣಿಪುರಿ, ನೇಪಾಳಿ ಬಂದವು. 2003ರ ತಿದ್ದುಪಡಿಯಲ್ಲಿ ಬೋಡೊ, ಡೋಗ್ರಿ, ಮೈಥಿಲಿ, ಸಂತಾಲಿ ಸೇರಿ ಒಟ್ಟು 22 ಆದವು. ಆದರೆ ಪಟ್ಟಿಗೆ ಸೇರುವುದು ಬೇರೆ, ಸದನದಲ್ಲಿ ಅನುವಾದಕರು ಸಿಗುವುದು ಬೇರೆ. ಕನ್ನಡ ಸೇರಿ ಕೆಲವು ಭಾಷೆಗಳಿಗೆ ಆ ಸೌಲಭ್ಯ ಬಂತಾದರೂ, ಸದಸ್ಯರು ಮುಂಚಿತವಾಗಿ ತಿಳಿಸಬೇಕಿತ್ತು. ಚರ್ಚೆ ಬಿಸಿಯೇರಿದಾಗ ಥಟ್ಟನೆ ಎದ್ದು ಮಧ್ಯೆ ಒಂದು ಮಾತು ಹಾಕಬೇಕೆಂದರೆ ಮತ್ತೆ ಹಿಂದಿಯೋ ಇಂಗ್ಲಿಷೋ ಆಗಬೇಕು. ಸಂಸತ್ತಿನ ಜೀವ ಇರುವುದೇ ಅಂಥ ಥಟ್ಟನೆ ಬರುವ ಮಾತುಗಳಲ್ಲಿ.

ಎಲ್ಲ 22 ಭಾಷೆಗಳಿಂದಲೂ ಕೂಡಲೇ ಅನುವಾದ ಎಂಬ ಏರ್ಪಾಡು ರಾಜ್ಯಸಭೆಯಲ್ಲಿ ಆದದ್ದು 2018ರ ಮಳೆಗಾಲದ ಅಧಿವೇಶನದಲ್ಲಿ. ಆಗ ಸಭಾಪತಿಯಾಗಿದ್ದವರು ವೆಂಕಯ್ಯ ನಾಯ್ಡು. ಸಂಜೀವರೆಡ್ಡಿ ಅವರ ಹಾಗೆಯೇ ತೆಲುಗಿನವರು. ಲೋಕಸಭೆಯಲ್ಲಿ ಕನ್ನಡ, ತಮಿಳು, ತೆಲುಗು, ಬಂಗಾಳಿಯಂಥ ಭಾಷೆಗಳ ಜೊತೆಗೆ 2025ರ ಫೆಬ್ರುವರಿಯಲ್ಲಿ ಬೋಡೊ, ಡೋಗ್ರಿ, ಮೈಥಿಲಿ, ಮಣಿಪುರಿ, ಉರ್ದು, ಸಂಸ್ಕೃತ ಸೇರಿದವು. ಪಟೇಲರು ಮಾತಾಡಿ ಅಷ್ಟರಲ್ಲಿ 50ಕ್ಕೂ ಜಾಸ್ತಿ ವರ್ಷ ಕಳೆದಿತ್ತು.

ಕೆನಡಾದ ಒಂದು ಪ್ರಸಂಗವನ್ನೂ ಇಲ್ಲಿ ನೆನೆಯಬೇಕು. 2022ರ ಮೇನಲ್ಲಿ, ತುಮಕೂರು ಜಿಲ್ಲೆ ಸಿರಾ ತಾಲೂಕಿನಿಂದ ಹೋಗಿ ಅಲ್ಲಿ ಸಂಸದರಾಗಿದ್ದ ಚಂದ್ರ ಆರ್ಯ, ಆ ದೇಶದ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದರು. ಆ ವಿಡಿಯೊ ನಮ್ಮೆಲ್ಲರ ಫೋನಿಗೂ ಬಂತು. ನಾನೂ ಖುಷಿಪಟ್ಟೆ. ಆದರೆ ಅಲ್ಲಿ ಕನ್ನಡ ಅತಿಥಿ. ಒಂದು ನಿಮಿಷ ಬಂದು ಹೋದರೆ ಚಂದ. ದಿಲ್ಲಿಯಲ್ಲಿ ಅದು ಅತಿಥಿಯಲ್ಲ. 2011ರ ಜನಗಣತಿಯ ಪ್ರಕಾರ ಸುಮಾರು 4.37 ಕೋಟಿ ಜನರ ಮನೆಮಾತು ಅದು. ಆ ಜನರ ತೆರಿಗೆ, ಆ ಜನರ ನೀರು, ಆ ಜನರ ರೈಲು ಅಲ್ಲಿ ತೀರ್ಮಾನವಾಗುತ್ತದೆ.

ನಮ್ಮ ಸಂಸದರು ಈಗ ಪ್ರಮಾಣ ವಚನವನ್ನು ಕನ್ನಡದಲ್ಲಿ ತೆಗೆದುಕೊಳ್ಳುವುದು ಮಾಮೂಲಾಗಿದೆ. ಭಾಷಣದ ವಿಷಯಕ್ಕೆ ಬಂದರೆ ಹಲವರು ಇಂಗ್ಲಿಷಿಗೋ ಹಿಂದಿಗೋ ಹೊರಳುತ್ತಾರೆ. ಮಂತ್ರಿಗೆ ನೇರವಾಗಿ ಮುಟ್ಟಲಿ ಅನ್ನೋದು ಅವರ ಲೆಕ್ಕ. ಅದನ್ನು ನಾನು ತಪ್ಪು ಅನ್ನಲಾರೆ. ಬರಗಾಲದ ಪರಿಹಾರ ಕೇಳುವವನಿಗೆ ಕೇಳಿಸಿಕೊಳ್ಳುವವರ ಕಿವಿ ಮುಖ್ಯ. ನನ್ನ ತಕರಾರು ಇಷ್ಟೇ. ಹಿಂದಿಯವರು ಈ ಲೆಕ್ಕವನ್ನು ಒಂದು ದಿನವೂ ಹಾಕಬೇಕಾಗಿ ಬಂದಿಲ್ಲ. ಆ ಭಾರವೆಲ್ಲ ಉಳಿದವರ ಮೇಲೆ ಬಿದ್ದಿದೆ.

ಇನ್ನು ನಮ್ಮ ಮನೆಯೊಳಗಿನ ಮಾತು. ತುಳು ಎಂಟನೇ ಅನುಸೂಚಿಯಲ್ಲಿಲ್ಲ. 2011ರ ಜನಗಣತಿಯಲ್ಲಿ ತುಳು ಮಾತಾಡುವವರು 18 ಲಕ್ಷಕ್ಕೂ ಹೆಚ್ಚು. ಸಂಸ್ಕೃತವನ್ನು ತಾಯ್ನುಡಿ ಎಂದು ಬರೆಸಿದವರು 25 ಸಾವಿರಕ್ಕಿಂತ ಕಡಿಮೆ. ಸಂಸ್ಕೃತಕ್ಕೆ ಅನುವಾದಕರಿದ್ದಾರೆ, ತುಳುವಿಗಿಲ್ಲ. ಕೊಡವ ಭಾಷೆಗೂ ಇಲ್ಲ. ಹಾಗೆ ನೋಡಿದರೆ 120ನೇ ವಿಧಿ ಅನುಸೂಚಿಯ ಮಾತನ್ನೇ ಎತ್ತುವುದಿಲ್ಲ. ಅಲ್ಲಿರುವ ಪದ ಬರೀ "ತಾಯ್ನುಡಿ". ಉಡುಪಿಯಿಂದಲೋ ಮಂಗಳೂರಿನಿಂದಲೋ ಹೋದ ಸಂಸದರೊಬ್ಬರು ನಾಳೆ ಎದ್ದು ತುಳುವಿನಲ್ಲಿ ಮಾತಾಡಲು ಅನುಮತಿ ಕೇಳಿದರೆ, ಕೊಡಬಾರದು ಎಂದು ಆ ಸಾಲು ಹೇಳುವುದಿಲ್ಲ. ಪಟೇಲರು ಕನ್ನಡಕ್ಕೆ ಮಾಡಿದ್ದನ್ನು ತುಳುವಿಗೆ ಮಾಡುವವರು ಬರಬೇಕು, ಕನ್ನಡದವರು ಅವರ ಬೆನ್ನಿಗೆ ನಿಲ್ಲಬೇಕು. ನಾವೇ ದಿಲ್ಲಿಯ ಮುಂದೆ ಕೇಳಿದ್ದನ್ನು ತುಳುವರು ಕೇಳಿದಾಗ ನಾವು ಮುಖ ತಿರುಗಿಸಿದರೆ ಹೇಗೆ?

ಲೋಕಸಭೆಯ ಚರ್ಚೆಗಳ ಅಚ್ಚಾದ ಪುಸ್ತಕ ತೆರೆದರೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಕನ್ನಡದಲ್ಲಿ ಆಡಿದ ಮಾತು ಅಲ್ಲಿ ಕನ್ನಡದಲ್ಲಿ ಕಾಣುವುದಿಲ್ಲ. ಸದಸ್ಯರ ಹೆಸರಿನ ಪಕ್ಕ ಒಂದು ಸಣ್ಣ ನಕ್ಷತ್ರದ ಗುರುತು, ಪುಟದ ಕೆಳಗೆ ಒಂದು ಸಾಲು: ಮೂಲದಲ್ಲಿ ಕನ್ನಡದಲ್ಲಿ ಮಾಡಿದ ಭಾಷಣದ ಇಂಗ್ಲಿಷ್ ಅನುವಾದ.