ರಿಲೇ ಬೇರೆ, ಬೂಸ್ಟರ್ ಬೇರೆ

ಬಯಲಿನಲ್ಲಿ ಲೇಸರ್ ಹಾಯಿಸಿ ಮಾಹಿತಿ ಕಳಿಸುವಾಗ ‘ಬೆಳಕಿನ ಬಲ ಹೆಚ್ಚಿಸಲು ನಡುವೆ ರಿಲೇ ಇಡುತ್ತಾರೆ’ ಅನ್ನುವ ಸಾಲನ್ನು ಈ ವಾರವೂ ಓದಿದೆ. ಎಷ್ಟನೇ ಸಲವೋ, ಲೆಕ್ಕ ಬಿಟ್ಟಿದ್ದೇನೆ. ಬಲ ಹೆಚ್ಚಿಸುವುದಕ್ಕೆ ಆಂಪ್ಲಿಫೈಯರ್ ಅಥವಾ ಬೂಸ್ಟರ್ ಅನ್ನುವ ಹೆಸರು ಇದ್ದೇ ಇದೆ, ಅಲ್ವಾ?

ರಿಲೇ ಹುಟ್ಟಿದ್ದು ಬೇಟೆಯಲ್ಲಿ. ದಣಿದ ನಾಯಿಗಳನ್ನು ಬಿಟ್ಟು, ದಾರಿಯಲ್ಲಿ ಮೊದಲೇ ನಿಲ್ಲಿಸಿಟ್ಟ ಹೊಸ ನಾಯಿಗಳನ್ನು ಓಡಿಸುವುದಕ್ಕೆ ಹಳೆಯ ಫ್ರೆಂಚ್‌ನಲ್ಲಿ ಈ ಮಾತಿತ್ತು. ಆಮೇಲೆ ಅದು ಕುದುರೆಗಳಿಗೂ ಬಂತು. ಸುಸ್ತಾದ ಕುದುರೆಗೆ ಚಾಟಿ ಬೀಸುವುದು ರಿಲೇ ಅಲ್ಲ. ಅದರಿಂದ ಇಳಿದು ಇನ್ನೊಂದನ್ನು ಹತ್ತಬೇಕು. ಮುಂದಕ್ಕೆ ಸಾಗುವುದು ಓಲೆ ಮಾತ್ರ.

1794ರಲ್ಲಿ ಪ್ಯಾರಿಸ್‌ಗೂ ಲಿಲ್‌ಗೂ ನಡುವೆ ಕ್ಲೋಡ್ ಶಾಪ್ ಎಂಬಾತ ರೂಪಿಸಿದ, ಸಂದೇಶ ದಾಟಿಸುವ ಗೋಪುರಗಳ ಸಾಲು ಕೆಲಸ ಶುರು ಮಾಡಿತು. ಗೋಪುರದವನು ದುರ್ಬೀನಿನಲ್ಲಿ ಪಕ್ಕದ ಗೋಪುರದ ಮರದ ತೋಳುಗಳನ್ನು ನೋಡಿ, ತನ್ನ ತೋಳುಗಳನ್ನೂ ಹಾಗೇ ತಿರುಗಿಸುತ್ತಿದ್ದ. ಸಂದೇಶದ ಅರ್ಥ ಅವನಿಗೆ ಗೊತ್ತಿರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆದರೆ ಮಸುಕಾಗಿ ಕಂಡದ್ದನ್ನು ಮಸುಕಾಗಿಯೇ ದಾಟಿಸುತ್ತಿರಲಿಲ್ಲ. ಹೊಸದಾಗಿ, ಸ್ಪಷ್ಟವಾಗಿ ತೋರಿಸುತ್ತಿದ್ದ. ರಿಲೇ ಅಂದರೆ ಇದು.

ಇವತ್ತಿನ ಭಾಷೆಯಲ್ಲಿ ಇದು ಡಿಕೋಡ್ ಅಂಡ್ ಫಾರ್ವರ್ಡ್: ಬಂದ ಬೆಳಕನ್ನು ಸೊನ್ನೆಯೋ ಒಂದೋ ಎಂದು ಓದಿ, ಹೊಸ ಬೆಳಕಿನಲ್ಲಿ ಬರೆದು ಕಳಿಸುವುದು. ಓದದೆ ಸುಮ್ನೆ ಹಿಗ್ಗಿಸಿ ಕಳಿಸುವ ಆಂಪ್ಲಿಫೈ ಅಂಡ್ ಫಾರ್ವರ್ಡ್ ಬಗೆಯೂ ಇದೆ. ಅದನ್ನೂ ರಿಲೇ ಅಂತಲೇ ಕರೆಯುತ್ತಾರೆ, ಗೊಂದಲದ ಬೇರು ಇಲ್ಲೇ ಇರಬೇಕು. ಅದರಲ್ಲಿ ಗದ್ದಲವೂ, ಅಂದರೆ ಸಂಕೇತಕ್ಕೆ ಬೆರೆತ ಬೇಡದ ಏರುಪೇರೂ, ಜೊತೆಗೇ ಹಿಗ್ಗುತ್ತದೆ.

ಇನ್ನು ಬಯಲಿನ ಲೇಸರನ್ನು ಕಾಡುವ ಟರ್ಬುಲೆನ್ಸ್. ಇದು ಬಿರುಗಾಳಿಯಲ್ಲ. ಬಿಸಿ, ತಣ್ಣನೆಯ ಗಾಳಿ ಬೆರೆಯುವಾಗ ಆಗುವ ಸುಳಿಗಳು, ಕೆಲವು ಮಿಲಿಮೀಟರಿನಿಂದ ಹಲವು ಮೀಟರಿನವರೆಗೆ. ಒಂದು ಡಿಗ್ರಿ ಹೆಚ್ಚುಕಮ್ಮಿಯಾದರೆ ಗಾಳಿಯ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಅನ್ನುವ ಅಳತೆ) ಸುಮಾರು ಹತ್ತು ಲಕ್ಷದಲ್ಲಿ ಒಂದು ಪಾಲು ಬದಲಾಗುತ್ತದೆ. ಅಷ್ಟಕ್ಕೇ ದೂರದ ಬೆಳಕು ಮಿನುಗತೊಡಗುತ್ತದೆ. ನಕ್ಷತ್ರಗಳದ್ದೂ ಇದೇ ಕತೆ. ಹಾಗಾಗಿ ನೆಲ ಕಾದ ಶುಭ್ರ ಮಧ್ಯಾಹ್ನವೇ ಜಾಸ್ತಿ ಕಷ್ಟ. ಗಿಗಾಬಿಟ್ ವೇಗದ (ಸೆಕೆಂಡಿಗೆ ನೂರು ಕೋಟಿ ಬಿಟ್) ಕೊಂಡಿ ಒಂದೇ ಒಂದು ಮಿಲಿಸೆಕೆಂಡ್ ಮಂಕಾದರೂ ಹತ್ತು ಲಕ್ಷ ಬಿಟ್‌ಗಳಿಗೆ ಪೆಟ್ಟು.

ಈಗ ಬೂಸ್ಟರ್ ವಾದಕ್ಕೆ ಬರೋಣ. ಬಲ ಎರಡು ಪಟ್ಟು ಮಾಡಿದಿರಿ. ಏರೂ ಎರಡು ಪಟ್ಟು, ಇಳಿಯೂ ಎರಡು ಪಟ್ಟು. ಮಂಕಾದ ಗಳಿಗೆಯನ್ನು ತಾಳಿಕೊಳ್ಳಲು ಸ್ವಲ್ಪ ಆಸರೆ ಸಿಕ್ಕಿತು, ನಿಜ. ಮಿನುಗಾಟ ಮಾತ್ರ ಇದ್ದ ಹಾಗೇ ಇರುತ್ತದೆ. ಅದು ಇಳಿಯಬೇಕಾದರೆ ಬೆಳಕು ಸಾಗುವ ದೂರ ಕಮ್ಮಿಯಾಗಬೇಕು. ಸೌಮ್ಯ ಟರ್ಬುಲೆನ್ಸಿನಲ್ಲಿ ಮಿನುಗಾಟದ ಅಳತೆ ದೂರದ 11/6ನೇ ಘಾತದಂತೆ, ಅಂದರೆ ಹೆಚ್ಚುಕಡಿಮೆ ದೂರದ ವರ್ಗದಂತೆ ಬೆಳೆಯುತ್ತದೆ. ದಾರಿಯ ನಟ್ಟನಡುವೆ ಒಂದು ರಿಲೇ ಇಟ್ಟರೆ ಪ್ರತಿ ತುಂಡಿನ ಮಿನುಗಾಟ ಶೇ. 28ಕ್ಕೆ ಇಳಿಯುತ್ತದೆ. ಎರಡಿಟ್ಟು ಮೂರು ತುಂಡು ಮಾಡಿದರೆ ಸುಮಾರು ಶೇ. 13ಕ್ಕೆ. ಒಂದು ತುಂಡು ಕೈಕೊಟ್ಟರೂ ಕೊಂಡಿ ಕಡಿಯುತ್ತದೆ, ಒಪ್ಪಿದೆ. ಆದರೂ ಗಳಿಕೆಯೇ ಜಾಸ್ತಿ.

ದಟ್ಟ ಮಂಜು ಕವಿದಾಗ ಮಾತ್ರ ಬೆಳಕು ದಾರಿಯಲ್ಲೇ ಸೋರಿಹೋಗುತ್ತದೆ. ಬಲದ ಮಾತು ಆಡುವುದಿದ್ದರೆ ಅಲ್ಲಿ ಆಡಿ.