ರಿಸೀವರ್ ದುಬಾರಿಯೋ, ತಡವಾಗಿ ಹಾಕಿದ ಸಹಿ ದುಬಾರಿಯೋ?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ದೂರಕ್ಕೆ ಎಸೆದ ಚೆಂಡನ್ನು ಓಡಿಹೋಗಿ ಹಿಡಿಯುವವನು ರಿಸೀವರ್. ಇವನನ್ನು ಉಳಿಸಿಕೊಳ್ಳಬೇಕೋ ಬಿಡಬೇಕೋ ಅನ್ನೋ ಜಗಳ ಪ್ರತಿ ಮಾರ್ಚ್‌ನಲ್ಲೂ ಏಳುತ್ತದೆ. ಅಂಕಿಗಳು ಎಷ್ಟು ಗೋಜಲಾಗಿವೆ ಅಂದ್ರೆ ಮೊದಲಿಂದ ನೋಡದೆ ತಲೆಬುಡ ಸಿಗಲ್ಲ.

ಈ ಆಟದ ದೊಡ್ಡ ಲೀಗ್ ಎನ್‌ಎಫ್‌ಎಲ್‌ನಲ್ಲಿ ಸಂಬಳ ಮಿತಿ, ಅಂದರೆ ತಂಡವೊಂದು ವರ್ಷಕ್ಕೆ ಆಟಗಾರರ ಸಂಬಳಕ್ಕೆ ಹಿಡಿಯಬಹುದಾದ ಹಣದ ಮಿತಿ, 1994ರಲ್ಲಿ ತಂಡಕ್ಕೆ 3.46 ಕೋಟಿ ಡಾಲರ್‌ನಿಂದ ಶುರುವಾಯಿತು. 2010ರಲ್ಲಿ ಒಂದು ವರ್ಷ ಮಿತಿಯೇ ಇರಲಿಲ್ಲ, 2021ರಲ್ಲಿ ಕೊರೊನಾದಿಂದ ಇಳಿಯಿತು, 2025ಕ್ಕೆ 27.92 ಕೋಟಿ ಮುಟ್ಟಿತು.

ಐಪಿಎಲ್ ನೋಡುವವರಿಗೆ ಇದು ಪರ್ಸ್ ಇದ್ದ ಹಾಗೆ. 2025ರ ತಂಡ ಕಟ್ಟಲು ಇದ್ದದ್ದು 120 ಕೋಟಿ ರೂಪಾಯಿ, ಅದರಲ್ಲಿ ಕೊಹ್ಲಿಗೆ ಆರ್‌ಸಿಬಿ ಕೊಟ್ಟದ್ದು 21 ಕೋಟಿ. ಆದರೆ ಐಪಿಎಲ್‌ನಲ್ಲಿ ಆಟಗಾರನನ್ನು ಬಿಟ್ಟರೆ ಅವನ ಹಣ ಪರ್ಸ್‌ಗೆ ವಾಪಸ್ ಬರುತ್ತದೆ. ಎನ್‌ಎಫ್‌ಎಲ್‌ನಲ್ಲಿ ಹಾಗಲ್ಲ. ಸಹಿ ಮಾಡುವಾಗ 2 ಕೋಟಿ ಡಾಲರ್ ಬೋನಸ್ ಕೊಟ್ಟರೆ ಅದನ್ನು 5 ವರ್ಷಕ್ಕೆ ಹಂಚಿ, ವರ್ಷಕ್ಕೆ 40 ಲಕ್ಷದಂತೆ ಲೆಕ್ಕಕ್ಕೆ ಹಿಡಿಯುತ್ತಾರೆ. 2 ವರ್ಷಕ್ಕೇ ಅವನನ್ನು ಕಳಿಸಿದರೆ ಉಳಿದ 1.2 ಕೋಟಿ ತಂಡದ ತಲೆ ಮೇಲೆ. ಇದೇ ಡೆಡ್ ಮನಿ. ಅಟ್ಲಾಂಟಾ 2021ರಲ್ಲಿ ಜೂಲಿಯೋ ಜೋನ್ಸ್‌ನನ್ನು ಬೇರೆ ತಂಡಕ್ಕೆ ಕಳಿಸಿತು. ಆಮೇಲೂ ಅವನ ಬಾಕಿ ಅವರ ಲೆಕ್ಕದಲ್ಲಿ ಉಳಿದೇ ಇತ್ತು.

ನಿಜವಾದ ಗೊಂದಲ ಶುರುವಾಗಿದ್ದು 2022ರಲ್ಲಿ. ಮಾರ್ಚ್‌ನಲ್ಲಿ ಜಾಕ್ಸನ್‌ವಿಲ್ ತಂಡ ರಿಸೀವರ್ ಕ್ರಿಶ್ಚಿಯನ್ ಕರ್ಕ್‌ಗೆ 4 ವರ್ಷಕ್ಕೆ 7.2 ಕೋಟಿ ಡಾಲರ್ ಕೊಟ್ಟಿತು. ಒಂದು ಸೀಸನ್‌ನಲ್ಲೂ ಚೆಂಡು ಹಿಡಿದು ತಂಡವನ್ನು 1,000 ಗಜಕ್ಕಿಂತ ಹೆಚ್ಚು ಮುಂದಕ್ಕೆ ಒಯ್ಯದವನಿಗೇ ಇಷ್ಟು ಅಂದಮೇಲೆ ಅವನಿಗಿಂತ ಮೇಲಿನವರೆಲ್ಲ ಸುಮ್ನೆ ಇರ್ತಾರಾ? ಕೆಲವೇ ದಿನಗಳಲ್ಲಿ ಗ್ರೀನ್ ಬೇ ತಂಡದ ದಾವಾಂಟೆ ಆಡಮ್ಸ್ ಲಾಸ್ ವೇಗಸ್‌ಗೆ ಹೋದ. ಕಾನ್ಸಸ್ ಸಿಟಿಯ ಟೈರೀಕ್ ಹಿಲ್ 5 ಡ್ರಾಫ್ಟ್ ಆಯ್ಕೆಗಳಿಗೆ (ಕಾಲೇಜಿನಿಂದ ಬರುವ ಹೊಸಬರನ್ನು ಆರಿಸಿಕೊಳ್ಳುವ ಸರದಿಗಳಿಗೆ) ಬದಲಾಗಿ ಮಯಾಮಿಗೆ ಹೋಗಿ 4 ವರ್ಷಕ್ಕೆ 12 ಕೋಟಿಯ ಕರಾರು ಪಡೆದ. ಹಿಲ್ ಅಲ್ಲಿ ಮೊದಲ ಸೀಸನ್‌ನಲ್ಲೇ 1,710 ಗಜ ಗಳಿಸಿದ. ಆದರೆ ಅವನಿಲ್ಲದ ಕಾನ್ಸಸ್ ಸಿಟಿ ಮುಂದಿನ ಎರಡೂ ಸೂಪರ್ ಬೌಲ್ (ಲೀಗ್‌ನ ಫೈನಲ್) ಗೆದ್ದಿತು. "ರಿಸೀವರ್‌ನನ್ನು ಮಾರಿಬಿಡಿ" ಅನ್ನುವವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಟೆನ್ನೆಸಿಯ ಕಥೆ ಮಾತ್ರ ಯಾರೂ ಅಷ್ಟಾಗಿ ನೆನಪಿಸಿಕೊಳ್ಳುವುದಿಲ್ಲ. ಅದೇ ಏಪ್ರಿಲ್‌ನ ಡ್ರಾಫ್ಟ್ ರಾತ್ರಿ ಆ ತಂಡ ಎ.ಜೆ. ಬ್ರೌನ್‌ನನ್ನು ಫಿಲಡೆಲ್ಫಿಯಾಕ್ಕೆ ಕೊಟ್ಟು, ಬಂದ 18ನೇ ಆಯ್ಕೆಯಲ್ಲಿ ಕಡಿಮೆ ಸಂಬಳದ ಟ್ರೇಲನ್ ಬರ್ಕ್ಸ್‌ನನ್ನು ತೆಗೆದುಕೊಂಡಿತು. ಕಾಗದದ ಮೇಲೆ ಜಾಣ ಲೆಕ್ಕವೇ. ಆ ಸೀಸನ್ ಬರ್ಕ್ಸ್ ಗಳಿಸಿದ್ದು 444 ಗಜ, ಬ್ರೌನ್ 1,496. ಡಿಸೆಂಬರ್ 4ರಂದು ಎರಡೂ ತಂಡ ಎದುರಾದಾಗ ಬ್ರೌನ್ ತನ್ನ ಹಳೇ ತಂಡದ ಮೇಲೆ 119 ಗಜ, 2 ಟಚ್‌ಡೌನ್ (ಎದುರಾಳಿಯ ಕೊನೆ ಗೆರೆ ದಾಟಿಸಿ ಗಳಿಸುವ ಅಂಕ) ಬಾರಿಸಿದ. ಫಿಲಡೆಲ್ಫಿಯಾ 35-10ರಿಂದ ಗೆದ್ದಿತು.

ಹಾಗಾದರೆ ರಿಸೀವರ್‌ಗಳ ಬೆಲೆ ಹುಚ್ಚಾಪಟ್ಟೆ ಏರಿದೆಯಾ? ಡಾಲರ್ ಬಿಟ್ಟು ಮಿತಿಯ ಪಾಲು ನೋಡಿ. 2012ರಲ್ಲಿ ಡೆಟ್ರಾಯಿಟ್‌ನ ಕ್ಯಾಲ್ವಿನ್ ಜಾನ್ಸನ್‌ಗೆ 8 ವರ್ಷಕ್ಕೆ 13.2 ಕೋಟಿಯ ಕರಾರು, ಅಂದರೆ ವರ್ಷಕ್ಕೆ ಆಗಿನ ಮಿತಿಯ ಸುಮಾರು 14%. 2024ರ ಜೂನ್‌ನಲ್ಲಿ ಮಿನ್ನೆಸೋಟದ ಜಸ್ಟಿನ್ ಜೆಫರ್ಸನ್‌ಗೆ ವರ್ಷಕ್ಕೆ 3.5 ಕೋಟಿ, ಅದೂ ಹತ್ತಿರ ಹತ್ತಿರ 14%. ಮೇಲಿನವರ ಪಾಲು ಹೆಚ್ಚುಕಮ್ಮಿ ಅಷ್ಟೇ ಇದೆ. ಬದಲಾಗಿದ್ದು ಎರಡನೇ ಸಾಲಿನವರ ಬೆಲೆ. ಜೊತೆಗೆ, ಕಾಯುವುದಕ್ಕೆ ತೆರಬೇಕಾದ ದಂಡವೂ ಜಾಸ್ತಿಯಾಗಿದೆ.

ಸಿನ್ಸಿನಾಟಿಯನ್ನೇ ನೋಡಿ. ಜಮಾರ್ ಚೇಸ್ ಜೊತೆ 2024ರ ಬೇಸಿಗೆಯಲ್ಲಿ ಕರಾರು ಕುದುರಲಿಲ್ಲ. ಆ ಸೀಸನ್ ಅವನು ಕ್ಯಾಚ್, ಗಜ, ರಿಸೀವಿಂಗ್ ಟಚ್‌ಡೌನ್ ಮೂರರಲ್ಲೂ ಲೀಗ್‌ಗೇ ಮೊದಲಿಗನಾದ. 2025ರ ಮಾರ್ಚ್‌ನಲ್ಲಿ ಸಹಿ ಬಿದ್ದಾಗ ವರ್ಷಕ್ಕೆ 4.025 ಕೋಟಿ. ಅದರ ಜೊತೆಗೇ ಇನ್ನೊಬ್ಬ ರಿಸೀವರ್ ಟೀ ಹಿಗಿನ್ಸ್‌ಗೆ 4 ವರ್ಷಕ್ಕೆ 11.5 ಕೋಟಿ. ಕ್ವಾರ್ಟರ್‌ಬ್ಯಾಕ್ ಜೋ ಬರೋಗೆ ಮೊದಲೇ ವರ್ಷಕ್ಕೆ 5.5 ಕೋಟಿ ಇತ್ತು. ಸರಾಸರಿ ಹಿಡಿದರೆ ಮೂವರಿಗೇ ಸುಮಾರು 12.4 ಕೋಟಿ, 2025ರ ಮಿತಿಯ 44%. ಬೋನಸ್ ಹಂಚುವ ದಾರಿಯಿಂದ ಮೊದಲ ವರ್ಷಗಳಲ್ಲಿ ಹೊರೆ ಕಡಿಮೆ ಕಾಣುವ ಹಾಗೆ ಮಾಡಬಹುದು, ಆದರೆ ಅದು ಮುಂದಿನ ವರ್ಷಗಳಿಗೆ ಬೀಳುತ್ತದೆ. ಈ ಮೂವರೂ ಇದ್ದ 2024ರಲ್ಲಿ ತಂಡ ಅಂಕಗಳ ಮಳೆ ಸುರಿಸಿಯೂ 9 ಗೆಲುವು, 8 ಸೋಲಿನಲ್ಲಿ ನಿಂತು ಪ್ಲೇಆಫ್ ತಪ್ಪಿಸಿಕೊಂಡಿತ್ತು. ರಿಪೇರಿ ಬೇಕಿದ್ದದ್ದು ಡಿಫೆನ್ಸ್‌ಗೆ. ಅದಕ್ಕೂ ಸೇರಿ ಉಳಿದ 50 ಜನರ ಸಂಬಳ ಮಿಕ್ಕ ಹಣದಲ್ಲೇ ಆಗಬೇಕು.