ಮೊಬೈಲಿಗೆ ಹಳೆಯ ರಿಸೀವರ್: ಪಿನ್ನು, ಗುಂಡಿ, ಉಪ್ಪುಗಾಳಿ

ಶಿರಸಿ, ಸಿದ್ದಾಪುರದ ತೋಟದ ಮನೆಗಳಲ್ಲಿ ಸಿಗ್ನಲ್ ಸಿಗುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ಜಗಲಿಯ ಮೂಲೆಯೋ ಮಹಡಿಯ ಕಿಟಕಿಯೋ ಇರಬಹುದು. ಫೋನನ್ನು ಅಲ್ಲಿಂದ ಎತ್ತಿ ಕಿವಿಗೆ ಹಿಡಿದರೆ ಮಾತು ತುಂಡಾಯಿತು. ಮೊಬೈಲಿಗೆ ಸಿಕ್ಕಿಸುವ, ಲ್ಯಾಂಡ್‌ಲೈನ್ ರಿಸೀವರಿನ ಆಕಾರದ, ಸುರುಳಿ ವೈರಿನ ಸಾಧನವನ್ನು ಅಂಗಡಿಯವರು ಅಲಂಕಾರಕ್ಕೆಂದು ಮಾರುತ್ತಾರೆ. ಇಂಥ ಮನೆಗೆ ಮಾತ್ರ ಅದು ನಿಜಕ್ಕೂ ಬೇಕಾದ ವಸ್ತು. ಫೋನ್ ಕಿಟಕಿಯಲ್ಲೇ ಇರುತ್ತದೆ, ಅಜ್ಜ ಕುರ್ಚಿಯಲ್ಲಿ ಕೂತು ಮಾತಾಡುತ್ತಾರೆ. ಸಿಗ್ನಲ್ ಕಡಿಮೆ ಇರುವಲ್ಲಿ ಫೋನ್ ಹೆಚ್ಚು ಶಕ್ತಿಯಲ್ಲಿ ತರಂಗ ಹೊರಸೂಸುತ್ತದೆ. ಅದು ತಲೆಯಿಂದ ದೂರವಿರುವುದೂ ಒಳ್ಳೆಯದೇ.

ಕೊಳ್ಳುವಾಗ ಮೊದಲು ಪಿನ್ ನೋಡಿ. 3.5 ಮಿ.ಮೀ. ಪಿನ್ನಿನಲ್ಲಿ ಮೂರು ಪಟ್ಟಿ, ನಾಲ್ಕು ಲೋಹದ ಭಾಗ ಇರಬೇಕು. ತುದಿಯಿಂದ ಎಣಿಸಿದರೆ ಎಡ ಕಿವಿ, ಬಲ ಕಿವಿ, ಗ್ರೌಂಡ್ (ಎಲ್ಲಕ್ಕೂ ಸಾಮಾನ್ಯವಾದ ಮರುದಾರಿಯ ತಂತಿ), ಮೈಕ್. ಇದು ಸಿಟಿಐಎ ಎಂಬ ಜೋಡಣೆಯ ಕ್ರಮ. ಹಳೆಯ ಒಎಂಟಿಪಿ ಕ್ರಮದಲ್ಲಿ ಕೊನೆಯ ಎರಡು ಅದಲುಬದಲು. ಪತ್ತೆ ಮಾಡುವುದು ಸುಲಭ: ಒಂದು ಹಾಡು ಹಾಕಿ, ದನಿ ಕ್ಷೀಣವಾಗಿದ್ದು ರಿಸೀವರಿನ ಗುಂಡಿ ಒತ್ತಿ ಹಿಡಿದಾಗ ಮಾತ್ರ ತುಂಬಿಕೊಂಡು ಬಂದರೆ ಕ್ರಮ ತಪ್ಪಿದೆ ಎಂದರ್ಥ. ಟೈಪ್-ಸಿ ಮಾತ್ರ ಇರುವ ಫೋನಿಗೆ, ಒಳಗೆ ಡಿಎಸಿ ಚಿಪ್ (ಡಿಜಿಟಲ್ ಸಂಕೇತವನ್ನು ಸದ್ದಿನ ಸಂಕೇತವಾಗಿಸುವ ಚಿಪ್) ಇರುವ ಕನ್ವರ್ಟರನ್ನೇ ಕೇಳಿ. ಬರೀ ವೈರಿನ ಅಗ್ಗದ ಕನ್ವರ್ಟರ್ ಹಲವು ಫೋನುಗಳಲ್ಲಿ ಸದ್ದೇ ಮಾಡುವುದಿಲ್ಲ.

ಘಟ್ಟದ ಕೆಳಗೆ, ಕಾರವಾರದಿಂದ ಭಟ್ಕಳದವರೆಗೆ, ಕಾಟ ಬೇರೆಯದು. ಕರೆ ತಾನಾಗಿ ಕಟ್ಟಾಗುತ್ತದೆ, ವಾಲ್ಯೂಮ್ ತಾನೇ ಏರಿಳಿಯುತ್ತದೆ, ಕೆಲವೊಮ್ಮೆ ವಾಯ್ಸ್ ಅಸಿಸ್ಟೆಂಟ್ ಎದ್ದು ಮಾತಾಡುತ್ತದೆ. ಜನ ಫೋನನ್ನೇ ರಿಪೇರಿಗೆ ಕೊಡುತ್ತಾರೆ, ಆದರೆ ದೋಷ ರಿಸೀವರಿನ ಗುಂಡಿಯದು. ಗುಂಡಿ ಒತ್ತಿದಾಗ ಮೈಕಿನ ತಂತಿ ಗುಂಡಿಗೊಂದರಂತೆ ಇಟ್ಟ ರೋಧದ (ವಿದ್ಯುತ್ತಿಗೆ ಒಡ್ಡುವ ತಡೆ, ಓಮ್‌ನಲ್ಲಿ ಅಳೆಯುವುದು) ಮೂಲಕ ಗ್ರೌಂಡಿಗೆ ತಾಗುತ್ತದೆ, ಆ ರೋಧವನ್ನು ಅಳೆದು ಫೋನ್ ಆಜ್ಞೆ ತಿಳಿಯುತ್ತದೆ. ಆಂಡ್ರಾಯ್ಡ್ ಲೆಕ್ಕದಲ್ಲಿ 70 ಓಮ್‌ವರೆಗೆ ಇದ್ದರೆ ಕರೆಯ ಗುಂಡಿ, 135ರ ಆಸುಪಾಸು ಅಸಿಸ್ಟೆಂಟ್, 240ರಲ್ಲಿ ವಾಲ್ಯೂಮ್ ಹೆಚ್ಚು, 470ರಲ್ಲಿ ಕಡಿಮೆ. ಮೈಕಿನ ರೋಧ 1,000 ಓಮ್‌ಗಿಂತ ಮೇಲಿರಬೇಕು. ಉಪ್ಪಿನ ತೇವ ಗುಂಡಿಯೊಳಗೆ ಕೂತು ರೋಧ ಇಳಿಸಿದರೆ ಫೋನಿಗೆ ಯಾರೋ ಒತ್ತಿದಂತೆಯೇ ಕಾಣುತ್ತದೆ. ಮೈಕ್ ತಂತಿಯಲ್ಲಿ ಫೋನ್ ಕೊಡುವ ಸುಮಾರು 2 ವೋಲ್ಟ್ ಡಿಸಿ ಇರುವುದರಿಂದ ತೇವದಲ್ಲಿ ತಾಮ್ರ ಬೇಗ ಹಸಿರು ಕಿಲುಬು ಹಿಡಿಯುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಮಾತು ಮುಗಿದ ಮೇಲೆ ಪಿನ್ ಕಳಚಿಡಿ. ಆಗಲೇ ಕೆಟ್ಟಿದ್ದರೆ ರಿಸೀವರ್ ಬಿಚ್ಚಿ ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಹಲ್ಲುಜ್ಜುವ ಬ್ರಷ್‌ನಲ್ಲಿ ತೊಳೆದು, ಪೂರ್ತಿ ಒಣಗಿಸಿ. ಆಗಲೂ ಸರಿಹೋಗದಿದ್ದರೆ ಗುಂಡಿಯ ಒಂದು ಕಾಲನ್ನು ಕತ್ತರಿಸುವುದೇ ಮೇಲು. ಕರೆಯನ್ನು ಫೋನಿನಲ್ಲೇ ಎತ್ತಬಹುದಲ್ಲ.

ಕರೆಯ ನಡುವೆ ಟರ್‌ರ್ ಟರ್‌ರ್ ಎಂಬ ಸದ್ದು ಬರುವುದು ಫೋನ್ 2ಜಿಗೆ ಇಳಿದಾಗ. 2ಜಿ ಪ್ರಸಾರ ಸೆಕೆಂಡಿಗೆ ಸುಮಾರು 217 ಬಾರಿ ಮಿಡಿಯುತ್ತದೆ, ಉದ್ದ ವೈರ್ ಅದನ್ನು ಹಿಡಿದು ಮೈಕಿಗೆ ತಲುಪಿಸುತ್ತದೆ. ಮೈಕಿನ ಎರಡು ಕಾಲುಗಳ ನಡುವೆ, ಆದಷ್ಟು ಹತ್ತಿರದಲ್ಲಿ, 33 ಪಿಕೊಫ್ಯಾರಡ್ ಮತ್ತು 10 ಪಿಕೊಫ್ಯಾರಡ್ ಸಿರಾಮಿಕ್ ಕೆಪಾಸಿಟರ್ ಒಂದೊಂದು ಬೆಸೆದರೆ ಬಹುಪಾಲು ಅಡಗುತ್ತದೆ.

ಅಟ್ಟದ ಮೇಲಿನ ಅಸಲಿ ರಿಸೀವರನ್ನೇ ಮೊಬೈಲಿಗೆ ಜೋಡಿಸುವ ಆಸೆ ಹಲವರದು. ಆಗುತ್ತದೆ, ಆದರೆ ಮೈಕ್ ಬದಲಿಸಲೇಬೇಕು. ಅದರೊಳಗಿನದು ಕಾರ್ಬನ್ ಮೈಕ್ (ಇದ್ದಿಲಿನ ಕಾಳು ತುಂಬಿದ ಹಳೆಯ ಬಗೆಯ ಮೈಕ್) ಆಗಿದ್ದರೆ ಎಕ್ಸ್‌ಚೇಂಜಿನ 48 ವೋಲ್ಟಿನ ಲೈನಿಗಾಗಿ ಮಾಡಿದ್ದು. ಅದರ ರೋಧ 1,000 ಓಮ್‌ಗಿಂತ ಎಷ್ಟೋ ಕಡಿಮೆ, ಹಾಗಾಗಿ ಫೋನ್ ಅದನ್ನೂ ಒತ್ತಿದ ಗುಂಡಿ ಎಂದೇ ತಿಳಿಯುತ್ತದೆ. 9.7 ಮಿ.ಮೀ. ವ್ಯಾಸದ ಎಲೆಕ್ಟ್ರೆಟ್ ಮೈಕ್ (ಹೆಡ್‌ಸೆಟ್‌ಗಳಲ್ಲಿರುವಂಥ ಪುಟ್ಟ ಗುಂಡು ಮೈಕ್) ಹಾಕಿ. ಹೊರಕವಚಕ್ಕೆ ತಾಗಿದ ಕಾಲು ಗ್ರೌಂಡಿಗೆ. ಕಿವಿಯ ಕಡೆಯ ಕ್ಯಾಪ್ಸೂಲ್, ಅಂದರೆ ದನಿ ಕೇಳಿಸುವ ಭಾಗ, ಹಾಗೇ ಇರಲಿ, ದನಿ ಮಾತ್ರ ತುಸು ಸಣ್ಣಗಾಗಬಹುದು. ಸಣ್ಣ ಚೌಕ ಪ್ಲಗ್ಗಿನ ಸುರುಳಿ ವೈರಾದರೆ ಸಾಮಾನ್ಯವಾಗಿ ನಡುವಿನ ಎರಡು ತಂತಿ ಕಿವಿಗೆ, ಅಂಚಿನ ಎರಡು ಮೈಕಿಗೆ. ಬೆಸುಗೆ ಕಷ್ಟವಾಗುವುದು ಇಲ್ಲೇ. ಆ ತಂತಿ ಎಳೆದಾರದ ಸುತ್ತ ಸುತ್ತಿದ ತಾಮ್ರದ ತೆಳು ಹಾಳೆ. ಹೆಚ್ಚು ಹೊತ್ತು ಬಿಸಿ ತಾಗಿಸಿದರೆ ದಾರ ಸುಟ್ಟು ತುಂಡಾಗುತ್ತದೆ. ತುದಿಗೆ ಸಪೂರ ತಾಮ್ರದ ಎಳೆಯನ್ನು ಬಿಗಿಯಾಗಿ ಸುತ್ತಿ, ಫ್ಲಕ್ಸ್ ಸವರಿ, ಎರಡು ಸೆಕೆಂಡಿನೊಳಗೆ ಬೆಸುಗೆ ಮುಗಿಸಿ. ಆಮೇಲೆ ಫೋನಿನ ಕಡೆ ವೈರಿಗೊಂದು ಸಡಿಲ ಕುಣಿಕೆ ಹಾಕಿ ಕಿಟಕಿಯ ಸರಳಿಗೆ ಕಟ್ಟಿ. ಇಲ್ಲದಿದ್ದರೆ ಅಜ್ಜ ರಿಸೀವರ್ ಎಳೆದ ಕೂಡಲೇ ಫೋನ್ ನೆಲಕ್ಕೆ ಬೀಳುತ್ತದೆ.